ಹಿತ್ತಲ ಜವಾರಿ ಕೋಳಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಜವಾರಿ ಕೋಳಿ ಸಾಕಣೆ ಕುರಿತು ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಜಯಪುರ ಜಿಲ್ಲೆಯ ಕಳ್ಳಕವಟಗಿ ಮತ್ತು ಅದರ ಆಸುಪಾಸಿನ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜವಾರಿ ಕೋಳಿಗಳಿದ್ದವು. ಒಂದು ದಿನ ಎರಡು ಕೋಳಿ ಮೂಲೆ ಹಿಡಿದು ತೂಕಡಿಸಿದವು, ಹಸಿರು ಬಣ್ಣದ ನೀರು ಹಿಕ್ಕೆ ಹಾಕಿದವು. ಆಮೇಲೆ ಕುತ್ತಿಗೆ ತಿರುಚಿಕೊಂಡವು. ವಾರದೊಳಗೆ ಉಳಿದದ್ದು ಮೂರೇ ಮೂರು. ಯಾರೋ ವಿಷ ಹಾಕಿದ್ದಾರೆ ಎಂಬ ಅನುಮಾನ. ಜವಾರಿ ಕೋಳಿಗೆ ರೋಗ ಬರುವುದಿಲ್ಲ ಅನ್ನುತ್ತಾರಲ್ಲ? ಮತ್ತೆ ಸಾಕಲು ಧೈರ್ಯ ಸಾಲುತ್ತಿಲ್ಲ. (ಕಳ್ಳಕವಟಗಿ)

ಉತ್ತರ: ಕಣ್ಣೆದುರೇ ಹಿಂಡು ಬರಿದಾದರೆ ಯಾರಿಗಾದರೂ ಎದೆ ಒಡೆಯುತ್ತದೆ. ಮೊದಲು ಒಂದು ಮಾತು: ನೆರೆಯವರ ಮೇಲಿನ ಅನುಮಾನವನ್ನು ಬಿಡಿ. ವಿಷ ತಿಂದ ಕೋಳಿಗಳು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಒಟ್ಟಿಗೆ ಬೀಳುತ್ತವೆ. ನಿಮ್ಮಲ್ಲಿ ಒಂದರಿಂದ ಒಂದಕ್ಕೆ ಹರಡುತ್ತ ವಾರ ಹಿಡಿದಿದೆ. ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ ಎರಡನ್ನೂ ಸೇರಿಸಿ ನೋಡಿದರೆ ಇದು ಕೊಕ್ಕರೆ ರೋಗ (ರಾಣಿಖೇತ್, ವೈರಸ್‌ನಿಂದ ಬರುವ ಸಾಂಕ್ರಾಮಿಕ) ಇರುವ ಸಂಭವವೇ ಹೆಚ್ಚು. 1927ರಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ಬಂತು.

ಜವಾರಿ ಕೋಳಿ ಗಟ್ಟಿ ಎನ್ನುವುದು ನಿಜ. ಬಿಸಿಲು ತಡೆಯುತ್ತದೆ, ಕೆದರಿ ತಿಂದು ಬದುಕುತ್ತದೆ, ತನ್ನ ಮರಿಯನ್ನು ತಾನೇ ಸಾಕುತ್ತದೆ. ಆದರೆ ಗಟ್ಟಿ ಕೋಳಿ ಎಂದರೆ ರೋಗವೇ ಬಾರದ ಕೋಳಿ ಎಂದಲ್ಲ. ಲಸಿಕೆ ಹಾಕದ ಹಿಂಡಿಗೆ ಈ ರೋಗ ಹೊಕ್ಕರೆ ಜವಾರಿ, ಫಾರಂ ಎಂಬ ಭೇದ ನೋಡುವುದಿಲ್ಲ. ಬಂದ ಮೇಲೆ ಔಷಧವಿಲ್ಲ, ಬರುವ ಮುಂಚೆ ಲಸಿಕೆ ಇದೆ.

ಲಸಿಕೆಯ ಕ್ರಮ ಹೀಗಿದೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಅಥವಾ ಮೂಗಿನ ಹೊಳ್ಳೆಗೆ ಒಂದು ಹನಿ ಲಸೋಟಾ ಅಥವಾ ಎಫ್-1. ನಾಲ್ಕನೇ ವಾರ ಇನ್ನೊಮ್ಮೆ ಲಸೋಟಾ. ಎಂಟು ವಾರ ದಾಟಿದ ಮೇಲೆ ರೆಕ್ಕೆಯ ಬುಡದಲ್ಲಿ ಚರ್ಮದಡಿ ಅರ್ಧ ಮಿಲಿ ಲೀಟರ್ ಆರ್2ಬಿ ಚುಚ್ಚುಮದ್ದು. ಆಮೇಲೆ ವರ್ಷಕ್ಕೊಮ್ಮೆ, ರೋಗ ಮತ್ತೆ ಮತ್ತೆ ಕಾಣುವ ಊರಿನಲ್ಲಿ ಆರು ತಿಂಗಳಿಗೊಮ್ಮೆ. ಲಸಿಕೆಗೆ ಒಂದು ವಾರ ಮುಂಚೆ ಜಂತುಹುಳುವಿನ ಔಷಧ ಕುಡಿಸಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಇಪ್ಪತ್ತು ಕೋಳಿಗೆ ಒಂದು ಸೀಸೆ ಒಡೆಯುವುದು ಯಾರಿಗೂ ಹೊರೆ. ಆದ್ದರಿಂದ ಓಣಿಯ ನಾಲ್ಕೈದು ಮನೆಯವರು ಕೂಡಿ ಒಂದೇ ದಿನ ಹಾಕಿಸಿ. ಲಸಿಕೆಯನ್ನು ಮಂಜುಗಡ್ಡೆ ಹಾಕಿದ ಥರ್ಮಾಸಿನಲ್ಲೇ ತರಬೇಕು. ಕದಡಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಬೆಳಗಿನ ತಂಪಿನಲ್ಲಿ, ಕೋಳಿ ಗೂಡಿನಿಂದ ಹೊರಬೀಳುವ ಮುಂಚೆ ಹಾಕಿದರೆ ಹಿಡಿಯಲು ಓಡಾಡುವ ಕಷ್ಟವೂ ಇಲ್ಲ.

ಮತ್ತೆ ಸಾಕಿರಿ, ಖಂಡಿತ ಸಾಕಿರಿ. ಆದರೆ ಅವಸರ ಬೇಡ. ಸತ್ತ ಕೋಳಿಗಳನ್ನು ಹಳ್ಳಕ್ಕೆ ಎಸೆದಿದ್ದರೆ ತೆಗೆದು ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ. ಗೂಡಿನ ನೆಲ ಕೆರೆದು, ಗೋಡೆಗೆ ಸುಣ್ಣ ಬಳಿದು, ಒಂದು ತಿಂಗಳು ಖಾಲಿ ಬಿಡಿ. ಉಳಿದ ಮೂರನ್ನು ಅಲ್ಲಿಯವರೆಗೆ ಬೇರೆ ಕಡೆ ಇಡಿ. ರೋಗ ದಾಟಿ ಉಳಿದ ಕೋಳಿಯೂ ಕೆಲವು ವಾರ ವೈರಸ್ ಹೊರಹಾಕಬಲ್ಲದು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಪ್ರತ್ಯೇಕ ಬುಟ್ಟಿಯಲ್ಲಿ ನೋಡಿಕೊಂಡು ಆಮೇಲೆ ಹಿಂಡಿಗೆ ಸೇರಿಸಿ. ಹಳ್ಳಿಗಳಲ್ಲಿ ರೋಗ ಹೆಚ್ಚಾಗಿ ಮನೆ ಹೊಗುವುದು ಸಂತೆಯ ಚೀಲದಲ್ಲೇ.

ಪ್ರಶ್ನೆ: ಮೇ ತಿಂಗಳಲ್ಲಿ ಕಾವಿಗೆ ಕೂತ ಹೇಂಟೆಯ ಕೆಳಗೆ ಹದಿನೇಳು ತತ್ತಿ ಇಟ್ಟಿದ್ದೆ. ಐದು ಮಾತ್ರ ಮರಿಯಾದವು. ಉಳಿದವು ಕೊಳೆತು ನಾರಿದವು. ನನ್ನ ಕೈಗುಣ ಸರಿಯಿಲ್ಲ ಎಂದು ಮನೆಯಲ್ಲಿ ಮಾತು. ತಪ್ಪು ನನ್ನದೇ? (ತಿಕೋಟಾ)

ಉತ್ತರ: ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಶ್ಚಿಂತೆಯಿಂದಿರಿ. ತತ್ತಿಯನ್ನು ಕೆಡಿಸಿದ್ದು ಹೆಚ್ಚಿನ ಮಟ್ಟಿಗೆ ಮೇ ತಿಂಗಳ ಬಿಸಿಲು.

ತತ್ತಿ ಮರಿಯಾಗಲು 21 ದಿನ ಬೇಕು. ಹೇಂಟೆಯ ಮೈ ಕೆಳಗೆ ಸುಮಾರು 37.5 ಡಿಗ್ರಿ ಕಾವು ಸಿಗುತ್ತದೆ. ಆದರೆ ಕಾವಿಗೆ ಇಡುವ ಮುಂಚೆ ನೀವು ಒಂದೊಂದೇ ಕೂಡಿಹಾಕಿದ ತತ್ತಿ ಎಲ್ಲಿತ್ತು ಎನ್ನುವುದು ಮುಖ್ಯ. ಕೋಣೆಯ ಬಿಸಿ 25 ಡಿಗ್ರಿ ದಾಟಿದರೆ ಒಳಗಿನ ಭ್ರೂಣ (ಮರಿಯ ಮೊಳಕೆ) ಅರೆಬರೆ ಬೆಳೆಯತೊಡಗುತ್ತದೆ, ಬೇಕಾದಷ್ಟು ಕಾವು ಸಿಗದೆ ಸಾಯುತ್ತದೆ. ವಿಜಯಪುರ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಸಾಮಾನ್ಯ. ತಗಡಿನ ಕೆಳಗಿನ ಮಾಡಿನಲ್ಲಿ ಹತ್ತು ಹನ್ನೆರಡು ದಿನ ಇಟ್ಟ ತತ್ತಿಯಿಂದ ಮರಿ ಬರುವುದು ಕಷ್ಟವೇ.

ಹೀಗೆ ಮಾಡಿ. ಅಗಲ ಬುಟ್ಟಿಯಲ್ಲಿ ಮರಳು ಹಾಕಿ ನೀರು ಚಿಮುಕಿಸಿ, ಅದರ ಮೇಲೆ ಮಣ್ಣಿನ ಗಡಿಗೆ ಕೂರಿಸಿ. ಗಡಿಗೆಯೊಳಗೆ ಒಣ ಹುಲ್ಲು ಹಾಸಿ, ತತ್ತಿಯ ಚೂಪು ತುದಿ ಕೆಳಗಾಗುವಂತೆ ಇಡಿ. ತೆಳು ಬಟ್ಟೆ ಮುಚ್ಚಿ ಮನೆಯ ತಂಪು ಮೂಲೆಯಲ್ಲಿಡಿ. ತತ್ತಿ ಒದ್ದೆಯಾಗಬಾರದು, ತೊಳೆಯಲೂಬಾರದು. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಏಳು ದಿನಕ್ಕಿಂತ ಹಳೆಯ ತತ್ತಿಯನ್ನು ಅಡುಗೆಗೆ ಬಳಸಿ, ಕಾವಿಗೆ ಬೇಡ. ಬೇಸಿಗೆಯಲ್ಲಿ ಈ ಗಡುವು ನಾಲ್ಕೈದು ದಿನ.

ಇನ್ನೊಂದು, ಹದಿನೇಳು ಹೆಚ್ಚಾಯಿತು. ಜವಾರಿ ಹೇಂಟೆಯ ಮೈ ಹತ್ತು ಹನ್ನೆರಡು ತತ್ತಿಯನ್ನು ಚೆನ್ನಾಗಿ ಮುಚ್ಚುತ್ತದೆ. ಹೆಚ್ಚಾದರೆ ಅಂಚಿನವು ತಣ್ಣಗಾಗುತ್ತವೆ. ಹೇಂಟೆ ತತ್ತಿಗಳನ್ನು ತಿರುವುವಾಗ ಅಂಚಿನದು ಒಳಗೆ, ಒಳಗಿನದು ಅಂಚಿಗೆ ಬಂದು ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಏಳನೆಯ ರಾತ್ರಿ ಒಂದು ಪರೀಕ್ಷೆ ಮಾಡಿ. ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ತತ್ತಿಯ ದಪ್ಪ ತುದಿ ಒತ್ತಿ ಹಿಡಿಯಿರಿ. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ನಾಲ್ಕೂ ಕಡೆ ಹರಡಿದ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಅದು ಬಂಜೆ ತತ್ತಿ (ಹುಂಜ ಕೂಡದ್ದು). ನರಗಳಿಲ್ಲದೆ ಬರೀ ಕೆಂಪು ಉಂಗುರ ಕಂಡರೆ ಭ್ರೂಣ ಸತ್ತಿದೆ. ಕೆಟ್ಟವನ್ನು ಆಗಲೇ ತೆಗೆದರೆ ಕೊಳೆತು ಒಡೆದು ಉಳಿದವನ್ನು ಹಾಳುಮಾಡುವುದಿಲ್ಲ. 18ನೇ ದಿನದಿಂದ ಮುಟ್ಟಬೇಡಿ.

ಮುಂದಿನ ಸಲ ದಸರೆ ಕಳೆದ ಮೇಲೆ ಕಾವಿಗಿಡಿ. ಚಳಿಗಾಲದ ಮರಿಗಳೇ ನಮ್ಮ ಸೀಮೆಗೆ ಒಳ್ಳೆಯವು.

ಪ್ರಶ್ನೆ: ಹನ್ನೆರಡು ತತ್ತಿಗೆ ಹನ್ನೊಂದು ಮರಿ ಬಂದವು. ಎರಡು ತಿಂಗಳಲ್ಲಿ ಮೂರು ಉಳಿದವು. ಹದ್ದು, ಮುಂಗುಸಿ ಕಾಟ. ಕೆಲವು ಮರಿ ಜೋಲು ಬಿದ್ದು ರಕ್ತ ಬೆರೆತ ಹಿಕ್ಕೆ ಹಾಕಿ ಸತ್ತವು. ದೃಷ್ಟಿ ತಾಕಿತು ಅನ್ನುತ್ತಾರೆ. (ಬಿಜ್ಜರಗಿ)

ಉತ್ತರ: ಹನ್ನೊಂದು ಮರಿ ಬಂದಿವೆ ಎಂದರೆ ನಿಮ್ಮ ಹುಂಜ, ಹೇಂಟೆ ಎರಡೂ ಸರಿಯಾಗಿವೆ. ಅರ್ಧ ಕೆಲಸ ಗೆದ್ದಿದ್ದೀರಿ. ಹಿತ್ತಲ ಸಾಕಣೆಯಲ್ಲಿ ದೊಡ್ಡ ನಷ್ಟ ಆಗುವುದೇ ಮೊದಲ ಎರಡು ತಿಂಗಳಲ್ಲಿ. ಈ ನಷ್ಟ ನಿಮಗೊಬ್ಬರಿಗೇ ಆಗುತ್ತಿಲ್ಲ.

ಮರಿಗಳನ್ನು ಮೊದಲ ದಿನದಿಂದಲೇ ತಾಯಿಯ ಹಿಂದೆ ಬಯಲಿಗೆ ಬಿಡುವ ರೂಢಿ ನಿಲ್ಲಿಸಿ. ಮೂರು ವಾರ ತಾಯಿ ಸಮೇತ ಅಗಲವಾದ ಬಿದಿರ ಬುಟ್ಟಿಯಲ್ಲಿ ಅಥವಾ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿದ ಚೌಕದಲ್ಲಿ ಇಡಿ. ಹದ್ದು, ಮುಂಗುಸಿ, ಬೆಕ್ಕು ಮೂರರಿಂದಲೂ ಇದೊಂದೇ ಉಪಾಯ ಕಾಯುತ್ತದೆ. ರಾತ್ರಿ ಬುಟ್ಟಿಯ ಮೇಲೆ ಕಲ್ಲು ಹೇರುವುದನ್ನು ಮರೆಯಬೇಡಿ.

ರಕ್ತ ಬೆರೆತ ಹಿಕ್ಕೆ ದೃಷ್ಟಿಯದಲ್ಲ. ಅದು ರಕ್ತಭೇದಿ (ಕಾಕ್ಸಿಡಿಯೋಸಿಸ್, ಕರುಳಿನಲ್ಲಿ ಬೆಳೆಯುವ ಸೂಕ್ಷ್ಮ ಪರಾವಲಂಬಿಯ ರೋಗ) ಇರಬೇಕು. ಹಸಿ ನೆಲದಲ್ಲಿ, ಹಿಕ್ಕೆ ಬೆರೆತ ಮೇವು ತಿಂದಾಗ ಬರುತ್ತದೆ. ನೀರಿನ ಪಾತ್ರೆಯ ಸುತ್ತ ಕೆಸರಾಗದಂತೆ ಕೆಳಗೆ ಇಟ್ಟಿಗೆ ಇಡಿ. ಹಾಸಿದ ಹೊಟ್ಟು ಒದ್ದೆಯಾದರೆ ಅದೇ ದಿನ ಬದಲಿಸಿ. ಮೊದಲ ಮರಿ ಜೋಲು ಬಿದ್ದ ದಿನವೇ ಪಶು ಆಸ್ಪತ್ರೆಗೆ ಹೋದರೆ ನೀರಿನಲ್ಲಿ ಬೆರೆಸುವ ಔಷಧ ಸಿಗುತ್ತದೆ, ಉಳಿದವು ಬದುಕುತ್ತವೆ.

ಮೇವಿನ ಮಾತು. ಮರಿಗೆ ಬರೀ ಜೋಳದ ನುಚ್ಚು ಸಾಲದು. ಮೊದಲ ಎಂಟು ವಾರ ಅದರ ಮೇವಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನ್ ಬೇಕು. ಜೋಳದಲ್ಲಿರುವುದು ಅದರ ಅರ್ಧದಷ್ಟು. ಅಂಗಡಿಯ ಮರಿ ಮೇವು ಒಂದು ತಿಂಗಳಾದರೂ ಕೊಡಿ. ಖರ್ಚಿಲ್ಲದ ದಾರಿಯೂ ಇದೆ. ಒಡಕು ಗಡಿಗೆಯಲ್ಲಿ ಕಣಕಿ ಚೂರು, ಒಣ ಸಗಣಿ, ಹರಿದ ಗೋಣಿ ತುಂಡು ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ನೆಲದ ಮೇಲೆ ಸಂಜೆ ಬೋರಲು ಹಾಕಿ. ಮರುದಿನ ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿ. ಒಂದು ಗೆದ್ದಲೂ ಉಳಿಯುವುದಿಲ್ಲ.

ಪ್ರಶ್ನೆ: ಈ ಸಲದ ಮರಿಗಳಲ್ಲಿ ಎರಡಕ್ಕೆ ಕುತ್ತಿಗೆಯ ಮೇಲೆ ಪುಕ್ಕವೇ ಇಲ್ಲ, ಕೆಂಪಗೆ ಬೋಳು. ರೋಗವೇ? ಅಪಶಕುನ ಎಂದು ಹಿರಿಯರು ಕೊಯ್ಯಲು ಹೇಳುತ್ತಾರೆ. (ಬಾಬಾನಗರ)

ಉತ್ತರ: ಕೊಯ್ಯಬೇಡಿ. ಇದು ರೋಗವಲ್ಲ, ಹುಟ್ಟುಗುಣ. ರೋಗ ಅಥವಾ ಹೇನಿನಿಂದ ಪುಕ್ಕ ಉದುರಿದ್ದರೆ ಚರ್ಮದ ಮೇಲೆ ಹೊಟ್ಟು, ಗಾಯ, ಮುರಿದ ಪುಕ್ಕದ ಬುಡ ಕಾಣುತ್ತದೆ. ನಿಮ್ಮ ಮರಿಗಳ ಕುತ್ತಿಗೆ ನುಣುಪಾಗಿದ್ದರೆ ಅದು ಬೋಳು ಕುತ್ತಿಗೆ ಗುಣ, ತಂದೆ ಅಥವಾ ತಾಯಿಯಿಂದ ಬಂದದ್ದು.

ಹತ್ತಿರದಿಂದ ನೋಡಿ. ಕುತ್ತಿಗೆಯ ಮುಂಭಾಗದ ಬುಡದಲ್ಲಿ ಒಂದು ಸಣ್ಣ ಪುಕ್ಕದ ಗೊಂಚಲು ಇದೆಯೇ? ಇದ್ದರೆ ಆ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಗೊಂಚಲೂ ಇಲ್ಲದೆ ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಪುಕ್ಕವಿಲ್ಲದ ಚರ್ಮದಿಂದ ಮೈಯ ಬಿಸಿ ಬೇಗ ಹೊರಹೋಗುತ್ತದೆ. ಹೀಗಾಗಿ ಬಿಸಿಲ ನಾಡಿನಲ್ಲಿ ಈ ಕೋಳಿಗಳು ಉಳಿದವುಗಳಿಗಿಂತ ಚೆನ್ನಾಗಿ ತಾಳುತ್ತವೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದೇ ಗುಣವನ್ನು ಬಳಸಿ ‘ಹಿತಕಾರಿ’ ಎಂಬ ಹಿತ್ತಲ ಕೋಳಿಯನ್ನು ರೂಪಿಸಿದೆ. ಹಿರಿಯರಿಗೆ ಎದುರಾಡಬೇಡಿ, ಒಂದು ಬೇಸಿಗೆ ಕಾದು ನೋಡೋಣ ಎಂದು ಕೇಳಿಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಯಾವ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಯಾವುದು ಕೆದರುತ್ತಿರುತ್ತದೆ ಎಂದು ಅವರೇ ನೋಡಲಿ.

ಪ್ರಶ್ನೆ: ನಮ್ಮದು ಅಪ್ಪಟ ಜವಾರಿ ತತ್ತಿ. ಆದರೂ ಒಳಗಿನ ಹಳದಿ ಬಿಳಿಚಿಕೊಂಡಿದೆ ಎಂದು ಕೊಳ್ಳುವವರು ಫಾರಂ ತತ್ತಿ ಅನ್ನುತ್ತಾರೆ. ಕೆಲವು ಕೋಳಿ ತಮ್ಮ ತತ್ತಿಯನ್ನೇ ಕುಕ್ಕಿ ತಿನ್ನುತ್ತವೆ. (ವಿಜಯಪುರ ನಗರ)

ಉತ್ತರ: ನೀವು ಮೋಸ ಮಾಡುತ್ತಿಲ್ಲ, ಕೊಳ್ಳುವವರೂ ಸುಳ್ಳು ಹೇಳುತ್ತಿಲ್ಲ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಹಳದಿಯ ಬಣ್ಣ ಮೇವಿನಿಂದ. ಬಿಳಿ ಜೋಳದಲ್ಲಿ ಹಳದಿ ಬಣ್ಣದ ಅಂಶ ಬಹಳ ಕಡಿಮೆ. ನಗರದ ಅಂಗಳದಲ್ಲಿ ಕಟ್ಟಿಹಾಕಿ ಜೋಳವನ್ನೇ ಹಾಕಿದರೆ ಜವಾರಿ ಕೋಳಿಯೂ ಬಿಳಿಚು ಹಳದಿಯನ್ನೇ ಕೊಡುತ್ತದೆ.

ದಿನವೂ ಒಂದು ಹಿಡಿ ನುಗ್ಗೆ ಸೊಪ್ಪು, ಮೆಂತ್ಯದ ಸೊಪ್ಪು, ಕುದುರೆ ಮೆಂತ್ಯ, ಅಜೋಲ್ಲಾ ಯಾವುದಾದರೂ ಹಾಕಿ. ಜೋಳದ ಅರ್ಧ ಭಾಗಕ್ಕೆ ಹಳದಿ ಗೋವಿನಜೋಳ ಬೆರೆಸಿ. ಎರಡು ಮೂರು ವಾರದಲ್ಲಿ ಬಣ್ಣ ತಿರುಗುತ್ತದೆ.

ತತ್ತಿ ಕುಕ್ಕುವುದಕ್ಕೆ ಸುಣ್ಣದಂಶದ (ಕ್ಯಾಲ್ಸಿಯಂ) ಕೊರತೆ ಮುಖ್ಯ ಕಾರಣ. ಚಿಪ್ಪು ತೆಳುವಾಗಿ ಒಡೆಯುತ್ತದೆ, ಒಡೆದದ್ದರ ರುಚಿ ಹತ್ತುತ್ತದೆ. ಮನೆಯ ತತ್ತಿ ಚಿಪ್ಪನ್ನು ಹುರಿದು ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಿನ್ನುತ್ತವೆ. ಇಡೀ ಚಿಪ್ಪು ಹಾಕಬೇಡಿ, ಅದು ಚಟ ಬೆಳೆಸುತ್ತದೆ. ತತ್ತಿ ಇಡುವ ಬುಟ್ಟಿ ಕತ್ತಲಲ್ಲಿರಲಿ, ದಿನಕ್ಕೆ ಎರಡು ಸಲ ತತ್ತಿ ತೆಗೆಯಿರಿ.

ಬೂಸಲು ಹಿಡಿದ ಶೇಂಗಾ ಹಿಂಡಿ, ಗೋವಿನಜೋಳವನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಆ ಬೂಸಲಿನ ವಿಷ (ಅಫ್ಲಾಟಾಕ್ಸಿನ್) ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ತೊಳೆದರೂ ಒಣಗಿಸಿದರೂ ಹೋಗುವುದಿಲ್ಲ.

ಪ್ರಶ್ನೆ: ನಮ್ಮ ಮನೆ ದ್ರಾಕ್ಷಿ ತೋಟದಲ್ಲೇ ಇದೆ. ಕೋಳಿಗಳು ಬಳ್ಳಿಯ ಕೆಳಗೆ ಹುಳು ಹೆಕ್ಕಲು ಹೋಗುತ್ತವೆ. ಔಷಧಿ ಹೊಡೆದ ಮೇಲೆ ಅವು ಸಾಯಬಹುದೇ? ಅವುಗಳ ತತ್ತಿಯನ್ನು ಮಕ್ಕಳಿಗೆ ಕೊಡಬಹುದೇ? (ಸೋಮದೇವರಹಟ್ಟಿ)

ಉತ್ತರ: ನಿಮ್ಮ ಭಯ ಸರಿಯಾದದ್ದು. ತಿಕೋಟಾ ಸೀಮೆಯ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಸಿಂಪಡಣೆ ಬಿಡುವಿಲ್ಲದೆ ನಡೆಯುತ್ತದೆ. ಹಾಗೆಂದು ಕೋಳಿ ಸಾಕುವುದನ್ನೇ ಬಿಡಬೇಕಿಲ್ಲ, ಕಾಲ ನೋಡಿ ಬಿಟ್ಟರೆ ಸಾಕು.

ಚಾಟ್ನಿಯಿಂದ ಕೊಯ್ಲಿನವರೆಗೆ ಕೋಳಿಗಳನ್ನು ಬಳ್ಳಿಯ ಕೆಳಗೆ ಬಿಡಬೇಡಿ. ಮನೆಯ ಹಿಂದೆ ಜಾಳಿಗೆ ಕಟ್ಟಿ ಅಲ್ಲೇ ಮೇವು ಕೊಡಿ. ಕೊಯ್ಲು ಮುಗಿದು, ಕೊನೆಯ ಸಿಂಪಡಣೆಯ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಕಳೆದ ಮೇಲೆ ಬಿಡಬಹುದು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬರೀ ಸುಣ್ಣನೀರು ಎಂದು ಹಗುರವಾಗಿ ಕಾಣಬೇಡಿ, ಅದರ ತಾಮ್ರ ಹೆಚ್ಚಾದರೆ ಕೋಳಿಗೆ ವಿಷವೇ. ಔಷಧಿ ಕದಡುವ ಡ್ರಮ್ಮಿನ ಪಕ್ಕ ನಿಂತ ನೀರು ಬಳ್ಳಿಗಿಂತ ಅಪಾಯ. ಬಾಯಾರಿದ ಕೋಳಿ ಮೊದಲು ಹೋಗುವುದೇ ಅಲ್ಲಿಗೆ. ಬಿತ್ತನೆಗೆ ಉಳಿದ, ಔಷಧಿ ಲೇಪಿಸಿದ ಕೆಂಪು ಬಣ್ಣದ ಬೀಜವನ್ನೂ, ಇಲಿ ಪಾಷಾಣವನ್ನೂ ಕೋಳಿ ಸುಳಿಯುವ ಕಡೆ ಇಡಬೇಡಿ.

ಕೋಳಿ ಜೊಲ್ಲು ಸುರಿಸಿ, ನಡುಗಿ, ಕಾಲು ಸೋತು ಬಿದ್ದರೆ ಕೀಟನಾಶಕದ ವಿಷವೆಂದು ತಿಳಿದು ಕೂಡಲೇ ಪಶುವೈದ್ಯರನ್ನು ಕರೆಯಿರಿ, ಡಬ್ಬಿಯನ್ನು ತೋರಿಸಿ. ಅಂಥ ಹಿಂಡಿನ ಮಾಂಸ, ತತ್ತಿ ಮನೆಯವರಿಗೂ ಬೇಡ, ಮಾರಾಟಕ್ಕೂ ಬೇಡ.

ಪ್ರಶ್ನೆ: ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಮನೆಯವರು ಕೋಳಿ ತೆಗೆದುಬಿಡು ಅನ್ನುತ್ತಾರೆ. ಹಿತ್ತಲ ಕೋಳಿಯಿಂದ ನಮಗೆ ಬರುತ್ತದೆಯೇ? (ಬಬಲೇಶ್ವರ)

ಉತ್ತರ: ಮನೆಯವರ ಆತಂಕ ಸಹಜ. ದೇಶದಲ್ಲಿ ಈ ರೋಗ ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲಿ 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕಂಡಿತ್ತು. ಮನುಷ್ಯರಿಗೆ ಬರುವುದು ಅಪರೂಪ. ಬಂದರೆ ಹೆಚ್ಚಾಗಿ ರೋಗದ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಿ, ಕೊಯ್ದು, ಪುಕ್ಕ ಕಿತ್ತವರಿಗೆ. ಚೆನ್ನಾಗಿ ಬೇಯಿಸಿದ ಮಾಂಸ, ತತ್ತಿಯಲ್ಲಿ ವೈರಸ್ ಉಳಿಯದು. 70 ಡಿಗ್ರಿ ಬಿಸಿಗೆ ಸಾಯುತ್ತದೆ.

ಆರೋಗ್ಯವಾಗಿರುವ ಹಿಂಡನ್ನು ಸುದ್ದಿ ಕೇಳಿ ತೆಗೆಯಬೇಕಿಲ್ಲ. ಆದರೆ ಒಮ್ಮೆಲೇ ಹಲವು ಕೋಳಿ ಸತ್ತರೆ, ಅಥವಾ ಊರಲ್ಲಿ ಕಾಗೆಗಳು ಸತ್ತು ಬೀಳುವುದು ಕಂಡರೆ, ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಮುಚ್ಚಿಡುವುದು, ಅರ್ಧ ಬೆಲೆಗೆ ಸಂತೆಗೆ ಸಾಗಿಸುವುದು ಊರಿಗೇ ಕುತ್ತು. ರೋಗ ಖಚಿತವಾಗಿ ಸರಕಾರ ಕೋಳಿಗಳನ್ನು ಕೊಲ್ಲಿಸಿದರೆ ಪರಿಹಾರ ಕೊಡುವ ವ್ಯವಸ್ಥೆ ಇದೆ.

ಪ್ರಶ್ನೆ: ನಮ್ಮ ಕೋಳಿಗಳು ವರ್ಷದಿಂದ ವರ್ಷಕ್ಕೆ ಗಿಡ್ಡಾಗುತ್ತಿವೆ. ಅಜ್ಜಿಯ ಕಾಲದಲ್ಲಿ ಹುಂಜ ಎದೆಯೆತ್ತಿ ನಿಲ್ಲುತ್ತಿತ್ತು. ಈಗ ಮರಿ ಸೊರಗಿದವು, ಕೆಲವಕ್ಕೆ ಕಾಲ್ಬೆರಳು ಸೊಟ್ಟ. ಗಿರಿರಾಜ ಹುಂಜ ತರಲೇ, ಕಡಕ್‌ನಾಥ್ ತರಲೇ? ನಮ್ಮ ತಳಿ ಹೋಗಿಯೇ ಬಿಡುತ್ತದೆ ಎಂಬ ಭಯ. (ಕಳ್ಳಕವಟಗಿ)

ಉತ್ತರ: ತಳಿ ಹೋಗಿಲ್ಲ. ಸೊರಗಿದೆ, ಮತ್ತೆ ಚೇತರಿಸಿಕೊಳ್ಳುತ್ತದೆ. ಎರಡು ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಮ್ಮ ಈಗಿನ ಹುಂಜ ನಿಮ್ಮದೇ ಹೇಂಟೆಯ ಮರಿಯಲ್ಲವೇ? ಜಾತ್ರೆಗೆ, ಹಬ್ಬಕ್ಕೆ ಒಳ್ಳೆಯ ಬೆಲೆ ಬಂದಾಗ ನೀವು ಮಾರಿದ್ದು ಎಲ್ಲಕ್ಕಿಂತ ದೊಡ್ಡ ಹುಂಜವನ್ನಲ್ಲವೇ?

ಎರಡಕ್ಕೂ ಹೌದು ಎಂದಾದರೆ ಕಾರಣ ಸಿಕ್ಕಿತು. ಮೊದಲನೆಯದು ರಕ್ತಸಂಬಂಧದ ಕೂಡಿಕೆ (ತಾಯಿ ಮಗ, ಅಣ್ಣ ತಂಗಿ ಕೂಡಿ ಮರಿಯಾಗುವುದು). ಇದರಿಂದ ತತ್ತಿ ಮರಿಯಾಗುವುದು ಕಡಿಮೆಯಾಗುತ್ತದೆ, ಮರಿ ಸಣ್ಣಗಾಗುತ್ತದೆ, ಅಂಗದೋಷ ಕಾಣಿಸುತ್ತದೆ. ಎರಡನೆಯದು ಇನ್ನೂ ದೊಡ್ಡದು. ಪ್ರತಿ ವರ್ಷ ಒಳ್ಳೆಯ ಹುಂಜ ಊರು ಬಿಟ್ಟಿತು, ಯಾರೂ ಕೊಳ್ಳದ ಸೊರಗು ಹುಂಜ ತಳಿಗೆ ಉಳಿಯಿತು. ಹತ್ತು ಹೇಂಟೆಗೆ ಒಂದು ಹುಂಜವಿದ್ದರೆ ಹುಟ್ಟುವ ಪ್ರತಿ ಮರಿಯ ಅರ್ಧ ಗುಣ ಆ ಒಂದರದ್ದೇ. ಹಿಂಗಾರಿ ಜೋಳದ ರಾಶಿಗೆ ಮುಂಚೆ ದೊಡ್ಡ ತೆನೆ ಆರಿಸಿ ಬೀಜಕ್ಕೆ ಎತ್ತಿಡುವ ರೈತರು ನೀವು. ಕೋಳಿಯಲ್ಲಿ ಮಾತ್ರ ದೊಡ್ಡದನ್ನು ಮಾರಿ ಜೊಳ್ಳನ್ನು ಬೀಜಕ್ಕೆ ಇಟ್ಟುಕೊಂಡಿದ್ದೀರಿ.

ಗಿರಿರಾಜದ ಬಗ್ಗೆ. ಅದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ ರೂಪಿಸಿದ ಒಳ್ಳೆಯ ಹಿತ್ತಲ ಕೋಳಿ. ಜವಾರಿ ಹೇಂಟೆ ವರ್ಷಕ್ಕೆ 50ರಿಂದ 80 ತತ್ತಿ ಇಟ್ಟರೆ ಅದು 130ಕ್ಕೂ ಹೆಚ್ಚು ಇಡುತ್ತದೆ, ತೂಕವೂ ಬೇಗ ಬರುತ್ತದೆ. ಆದರೆ ಅದು ಕಾವಿಗೆ ಕೂರುವ ಕೋಳಿಯಲ್ಲ. ಅದರ ಹುಂಜವನ್ನು ನಿಮ್ಮ ಹೇಂಟೆಗಳಿಗೆ ಬಿಟ್ಟರೆ ಮೊದಲ ಪೀಳಿಗೆ ದಷ್ಟಪುಷ್ಟವಾಗಿ ಕಾಣುತ್ತದೆ. ಮುಂದಿನ ಪೀಳಿಗೆಗಳಲ್ಲಿ ತೂಕ ಒಂದೊಂದರದು ಒಂದೊಂದು ಬಗೆಯಾಗಿ, ಕಾವಿನ ಗುಣವೂ ಕ್ಷೀಣಿಸಿ, ಮರಿಗಾಗಿ ಪ್ರತಿ ಸಲ ಕೋಳಿ ಮರಿ ಉತ್ಪಾದನಾ ಕೇಂದ್ರಕ್ಕೆ ಹೋಗಬೇಕಾದೀತು. ತತ್ತಿ ಮಾಂಸದ ಆದಾಯಕ್ಕೆ ಗಿರಿರಾಜ ಸಾಕುವುದಿದ್ದರೆ ಬೇರೆ ಜಾಗದಲ್ಲಿ ಸಾಕಿರಿ, ಜವಾರಿಯೊಂದಿಗೆ ಬೆರೆಸಬೇಡಿ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಭಾಗದ ತಳಿ. ಅಲ್ಲಿನ ಕಪ್ಪು ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಅದನ್ನು ಅದರ ಪಾಡಿಗೆ ಉಳಿಸುವುದು ಸರಿ, ನಿಮ್ಮ ಹಿಂಡು ತಿದ್ದಲು ಅದು ಬೇಕಿಲ್ಲ. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶದ ದೇಸಿ ಕೋಳಿ ತಳಿಗಳನ್ನು ನೋಂದಾಯಿಸುತ್ತದೆ. ಆಂಧ್ರ ಮತ್ತು ನಮ್ಮ ರಾಜ್ಯದ ಘಾಗಸ್ ಕೋಳಿ ಆ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಹೆಸರು ಬರದ ಜವಾರಿ ಹಿಂಡುಗಳು ಊರೂರಿಗೆ ಇವೆ. ಅವುಗಳನ್ನು ಕಾಯುವವರು ನಿಮ್ಮಂಥ ಮನೆಯವರೇ.

ಇನ್ನು ಮಾಡಬೇಕಾದ್ದು. ಎರಡು ಮೂರು ಊರು ಆಚೆಗೆ, ನಿಮ್ಮೊಂದಿಗೆ ಕೋಳಿ ಕೊಟ್ಟು ತಂದ ಸಂಬಂಧವಿಲ್ಲದ ಮನೆಯಿಂದ ಒಂದು ಜವಾರಿ ಹುಂಜ ತನ್ನಿ. ವಯಸ್ಸು ಎಂಟು ತಿಂಗಳಿಂದ ಒಂದು ವರ್ಷ. ಕಣ್ಣು ಹೊಳೆಯಬೇಕು, ಎದೆ ಅಗಲವಿರಬೇಕು, ಬೆರಳು ನೇರವಿರಬೇಕು. ಅದರ ತಾಯಿ ಕಾವಿಗೆ ಗಟ್ಟಿಯಾಗಿ ಕೂತು ಮರಿ ಉಳಿಸಿದ ಹೇಂಟೆಯೇ ಎಂದು ಕೇಳಿ ತಿಳಿಯಿರಿ. ಹುಂಜದ ಮೈಯಲ್ಲಿ ಕಾಣದ ಗುಣ ಅದು. ಎಂಟು ಹತ್ತು ಹೇಂಟೆಗೆ ಒಂದೇ ಸಾಕು.

ಹಳೆಯ ಹುಂಜವನ್ನು ತೆಗೆದ ಮರುದಿನವೇ ತತ್ತಿ ಕೂಡಿಹಾಕಬೇಡಿ. ಹುಂಜದ ವೀರ್ಯ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಜೀವಂತವಿರುತ್ತದೆ. ಮೂರು ವಾರದ ತತ್ತಿ ಅಡುಗೆಗೆ ಹೋಗಲಿ, ಆಮೇಲಿನವು ಕಾವಿಗೆ.

ಇದನ್ನು ಒಬ್ಬರೇ ಮಾಡಿದರೆ ಎರಡು ವರ್ಷಕ್ಕೆ ಮತ್ತೆ ಅದೇ ತೊಡಕು. ಮೂರು ಮನೆಯವರು ಒಪ್ಪಂದ ಮಾಡಿಕೊಳ್ಳಿ. ಪ್ರತಿ ವರ್ಷ ಮೊದಲ ಮನೆಯ ಎಳೆ ಹುಂಜ ಎರಡನೆಯ ಮನೆಗೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲನೆಯದಕ್ಕೆ. ಹೇಂಟೆಗಳು ಮಾತ್ರ ತಮ್ಮ ತಮ್ಮ ಮನೆಯಲ್ಲೇ ಉಳಿಯಲಿ. ಮನೆಗೊಂದು ಬಣ್ಣದ ದಾರ ಕಾಲಿಗೆ ಕಟ್ಟಿದರೆ ಲೆಕ್ಕ ತಪ್ಪುವುದಿಲ್ಲ. ಹಣ ಕೈಬದಲಾಗಬೇಕಿಲ್ಲ.

ಈ ಅಂಕಣಕ್ಕೆ ಬರೆದ ಎಲ್ಲರಿಗೂ ಕೊನೆಯ ಮಾತು ಇದೇ. ಲಸಿಕೆ ತಪ್ಪಿಸಬೇಡಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ, ತುರ್ತಿಗೆ 1962ಕ್ಕೆ ಕರೆ ಮಾಡಿ. ಈ ಸಲ ಜಾತ್ರೆಗೆ ಕೊಳ್ಳುವವರು ಬಂದಾಗ, ಎಷ್ಟೇ ಬೆಲೆ ಹೇಳಲಿ, ಹಿಂಡಿನ ಅತ್ಯುತ್ತಮ ಹುಂಜವನ್ನು ಮನೆಯಲ್ಲೇ ಇಟ್ಟುಕೊಂಡು ಉಳಿದವನ್ನು ಮಾರಿ.